ಗುಲಾಬಿ ಫೋನೂ ನನ್ನ ತೋರುಬೆರಳೂ

"ಏಳು ಬಣ್ಣದ ಏಳು ಫೋನುಗಳನ್ನು ಈ ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸದಿದ್ದರೆ ನನ್ನ ಹೆಸರು ರಘುಪತಿಯೇ ಅಲ್ಲ!"

ಹೀಗೆಂದು ನಾನು ಘೋಷಿಸಿದ್ದು ಯಾವ ಮಹಾಸಭೆಯಲ್ಲೂ ಅಲ್ಲ. ಠಾಕುರ್ಲಿಯ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನ ಹಾಲಿನಲ್ಲಿ, ಸೋಫಾದ ಮೇಲೆ ನಿಂತುಕೊಂಡು. ಸೋಫಾದ ಮೇಲೆ ಯಾಕೆ ನಿಂತಿದ್ದೆ ಎಂದರೆ, ಕೆಳಗೆ ಹೆಂಡತಿ ನೆಲ ಒರೆಸುತ್ತಿದ್ದಳು. ಸಭಿಕರೆಂದು ಇದ್ದದ್ದೂ ಆಕೆಯೊಬ್ಬಳೇ.

"ಹಾಗಾದ್ರೆ ಬೇರೆ ಹೆಸರು ಈಗಲೇ ನೋಡಿಟ್ಟುಕೊಳ್ಳಿ. ಆಧಾರ್ ಕಾರ್ಡಿನಲ್ಲಿ ಬದಲಾಯಿಸ್ಲಿಕ್ಕೆ ತುಂಬ ದಿನ ಹಿಡೀತದೆ," ಎಂದಳು ಆಕೆ, ತಲೆಯನ್ನೂ ಎತ್ತದೆ.

ನನ್ನ ಶ್ರೀಮತಿಯ ಹೆಸರೇ ಶ್ರೀಮತಿ. ಮದುವೆಗೆ ಮುಂಚೆಯೂ ಶ್ರೀಮತಿ, ಮದುವೆಯಾದ ಮೇಲೂ ಶ್ರೀಮತಿ. ಇಲ್ಲಿಯ ಕನ್ನಡ ಸಂಘದವರು ಕರೆಯೋಲೆಯ ಮೇಲೆ 'ಶ್ರೀಮತಿ ಶ್ರೀಮತಿ ರಘುಪತಿ' ಎಂದು ಬರೆದು ಕಳಿಸಿದಾಗಲೆಲ್ಲ ಪೋಸ್ಟಿನವನು ಎರಡೆರಡು ಸಲ ಬೆಲ್ ಒತ್ತುತ್ತಾನೆ.

ನನ್ನ ಹುಚ್ಚಿನ ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಭಿವಂಡಿಯ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಮೂವತ್ತು ವರ್ಷದಿಂದ ಜಗತ್ತಿನ ಸಾಮಾನೆಲ್ಲ ನನ್ನ ಕಣ್ಣೆದುರಿಗೇ ಬಂದು, ನನ್ನ ಸಹಿ ಪಡೆದು, ಬೇರೆಯವರ ಮನೆಗೆ ಹೋಗುತ್ತದೆ. ನನ್ನದು ಎಂದು ಒಂದು ಸ್ಕ್ರೂ ಕೂಡ ಉಳಿಯುವುದಿಲ್ಲ. ಆರು ವರ್ಷದ ಹಿಂದೆ ಪಕ್ಕದ ಮಗ್ಗದ ಕಾರ್ಖಾನೆಯೊಂದು ಬಾಗಿಲು ಮುಚ್ಚಿದಾಗ ಅದರ ಗುಜರಿ ರಾಶಿಯ ನೆತ್ತಿಯ ಮೇಲೆ ಒಂದು ಕೆಂಪು ಫೋನು ಕೂತಿತ್ತು. ಬೆರಳು ತೂರಿಸಿ ಗರ್ರನೆ ತಿರುಗಿಸುವ ಹಳೇ ಕಾಲದ ಡಯಲ್ ಫೋನು! ಎಷ್ಟು ಕೆಂಪು ಎಂದರೆ, ಅದೇ ಆಗ ಒಗ್ಗರಣೆ ಬಿದ್ದ ಟೊಮೆಟೊ ಸಾರು! ಡಯಲನ್ನು ಒಮ್ಮೆ ತಿರುಗಿಸಿ ಬಿಟ್ಟೆ. ಅದು ಕಟಕಟಕಟ ಎನ್ನುತ್ತ ತನ್ನ ಜಾಗಕ್ಕೆ ವಾಪಸು ಬರುವ ಆ ಸದ್ದಿಗೆ ನಾನು ಅಲ್ಲೇ ಮಾರುಹೋದೆ.

ಅಲ್ಲಿಂದ ಮುಂದೆ ತಡೆಯುವವರು ಯಾರು! ಕಲ್ಯಾಣದ ಗುಜರಿ ಅಂಗಡಿಯಲ್ಲಿ ಹಸಿರು ಸಿಕ್ಕಿತು. ಡೊಂಬಿವಲಿಯಲ್ಲಿ ಮನೆ ಖಾಲಿ ಮಾಡುತ್ತಿದ್ದ ಪಾರ್ಸಿ ಮುದುಕರೊಬ್ಬರು ನೀಲಿಯದನ್ನು ಕೊಟ್ಟರು. ಆಮೇಲೆ ಹಳದಿ, ಬೂದು, ನೀರ್‌ದೋಸೆಯಂಥ ಬಿಳಿ. ಒಟ್ಟು ಆರು. ಒಂದು ಟಿ.ವಿ.ಯ ಮೇಲೆ, ಒಂದು ಫ್ರಿಜ್ಜಿನ ಮೇಲೆ, ಒಂದು ದೇವರ ಗೂಡಿನ ಪಕ್ಕ, ಉಳಿದವು ಶೋಕೇಸಿನಲ್ಲಿ. ಯಾವುದಕ್ಕೂ ತಂತಿಯ ಸಂಪರ್ಕವಿಲ್ಲ.

"ಮನೆಯಲ್ಲಿ ಆರು ಫೋನುಂಟು. ಒಂದರಲ್ಲಿಯಾದರೂ ಒಬ್ಬ ಹೆಣ್ಣಿನ ಅಪ್ಪ ಮಾತಾಡಿದ್ದುಂಟಾ?" ಎಂದು ಶ್ರೀಮತಿ ಕೇಳುವುದು ವಾಡಿಕೆ.

ಆಕೆಯ ಚಿಂತೆ ಸುಳ್ಳಲ್ಲ. ಮಗ ಪ್ರಥಮನಿಗೆ ಮೂವತ್ತೊಂದು ತುಂಬಿತ್ತು. ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ, ಸಿಗರೇಟಿಲ್ಲ, ಜಾತಕದಲ್ಲಿ ದೋಷವಿಲ್ಲ. ಆದರೂ ಹನ್ನೊಂದು ಸಂಬಂಧಗಳು ತಪ್ಪಿಹೋಗಿದ್ದವು. ಕಾರಣ ಕೇಳಿದರೆ ನೀವು ನಂಬಲಿಕ್ಕಿಲ್ಲ. "ಠಾಕುರ್ಲಿಯಾ? ಅಲ್ಲಿ ಫಾಸ್ಟ್ ಟ್ರೈನು ನಿಲ್ಲುವುದಿಲ್ಲವಲ್ಲ!" ಎಂದು ಹನ್ನೊಂದೂ ಹೆಣ್ಣುಗಳು ಸ್ಲೋ ಟ್ರೈನಿನ ಗಂಡನ್ನು ಬಿಟ್ಟು ಫಾಸ್ಟ್ ಟ್ರೈನಿನ ಗಂಡುಗಳ ಕಡೆ ಹೋದವು.

ಹನ್ನೆರಡನೆಯ ಸಂಬಂಧ ಬಂದದ್ದು ನೆರೂಳಿನಿಂದ. ತಂದೆ ಲಕ್ಷ್ಮೀಕಾಂತ ರಾಯರು ಉಡುಪಿ ಕಡೆಯವರೇ, ತುರ್ಭೆಯಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು. ಒಬ್ಬಳೇ ಮಗಳು ಅಪರ್ಣಾ. ಜಾತಕ ಚೆನ್ನಾಗಿ ಕೂಡಿತ್ತು. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ನಾವು ಹೋಗಿ ನೋಡುವುದೆಂದು ನಿಶ್ಚಯವಾಯಿತು.

"ಈ ಸಲವಾದರೂ ಕೂಡಿಬರ್ಲಿ. ನೀವೊಮ್ಮೆ ಟಿಟ್ವಾಳಾದ ಗಣಪತಿಗೆ ಕೈಮುಗಿದು ಬನ್ನಿ," ಎಂದಳು ಶ್ರೀಮತಿ. ದಾರಿಯಲ್ಲಿ ಹಸಿವಾಗಬಾರದೆಂದು ತನ್ನ ತವರಿನ ಮೂರು ಡಬ್ಬಿಯ ಸ್ಟೀಲಿನ ಕ್ಯಾರಿಯರಿನಲ್ಲಿ ಚಿತ್ರಾನ್ನ, ಮೊಸರನ್ನ, ಹೆಸರುಬೇಳೆ ಪಾಯಸ ತುಂಬಿ ಕೊಟ್ಟಳು.

ಗಣಪತಿಗೆ ಕೈಮುಗಿದೆ, ಅದರಲ್ಲಿ ಮೋಸವಿಲ್ಲ. ಹೊರಗೆ ಬಂದು ಚಪ್ಪಲಿ ಹಾಕುತ್ತಿದ್ದಾಗ ಎದುರಿನ ಹೂವಿನ ಬುಟ್ಟಿಗಳ ಸಾಲಿನತ್ತ ಕಣ್ಣು ಹೋಯಿತು. "ಅಯ್ಯೋ ದೇವರೇ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಬಾಳೆಲೆಯ ಕಟ್ಟೊಂದರ ಮೇಲೆ, ಎಲೆ ಹಾರದಂತೆ ಭಾರಕ್ಕೆ ಇಟ್ಟದ್ದು, ಒಂದು ಗುಲಾಬಿ ಬಣ್ಣದ ಡಯಲ್ ಫೋನು! ಅಪ್ಪಟ ರೋಸ್ ಮಿಲ್ಕಿನ ಬಣ್ಣ! ನನ್ನ ಏಳನೆಯದು!

ಬುಟ್ಟಿಯ ಹಿಂದೆ ಕೂತಿದ್ದ ಅಜ್ಜಿ ನನ್ನನ್ನು ಒಮ್ಮೆ ಅಳೆದು ನೋಡಿದಳು. ಹೆಸರು ಮಾನಮ್ಮ ಎಂದು ಪಕ್ಕದ ಬುಟ್ಟಿಯವಳು ಕೂಗಿದ್ದರಿಂದ ತಿಳಿಯಿತು.

"ಏನ್ ನೋಡಾಕತ್ತೀರಿ ಸಾಹೇಬ್ರ? ಗರಿಕಿ ಬೇಕೇನ್ರಿ?"

"ಅಲ್ಲ... ಆ ಫೋನು..."

"ಅದಾ? ಅದು ಮಾತಾಡಂಗಿಲ್ರಿ. ನನ್ನ ಮಗಳು ಕೆಲಸಕ್ಕ ಹೋಗೋ ಮನ್ಯಾಗ ಒಗದಿದ್ರು, ಎಲಿ ಮ್ಯಾಲ ಇಟ್ಟೀನಿ."

"ನನಗೆ ಕೊಡ್ತೀರಾ?"

"ನಿಮಗ ಕೊಟ್ರ, ಎಲಿ ಮ್ಯಾಲ ನೀವು ಬಂದ್ ಕುಂದರ್ತೀರೇನು?"

ನ್ಯಾಯವಾದ ಪ್ರಶ್ನೆ. ಕಲ್ಲೊಂದನ್ನು ತಂದಿಟ್ಟೆ. "ಕಲ್ಲು ಎಲಿ ಹರಿತೈತ್ರಿ," ಎಂದಳು. ಇಟ್ಟಿಗೆ ತಂದೆ. "ಮಣ್ಣು ಹತ್ತತೈತಿ," ಎಂದಳು. ಕೊನೆಗೆ ಅಜ್ಜಿಯ ದೃಷ್ಟಿ ನನ್ನ ಕೈಯಲ್ಲಿದ್ದ ಕ್ಯಾರಿಯರಿನ ಮೇಲೆ ನೆಟ್ಟಿತು. ನಯವಾದ ತಳ, ಒಳ್ಳೇ ತೂಕ, ಹೊಳೆಯುವ ಸ್ಟೀಲು. ನನ್ನ ಆತ್ಮಸಾಕ್ಷಿ ಐದು ನಿಮಿಷ ಹೋರಾಡಿತು. ಆಮೇಲೆ ಅದಕ್ಕೂ ಫೋನು ಬೇಕೆನಿಸಿತು. ಕ್ಯಾರಿಯರು ಕೊಟ್ಟೆ, ಫೋನು ತಗೊಂಡೆ. ಮಾನಮ್ಮ ಅಲ್ಲೇ ಮುಚ್ಚಳ ತೆಗೆದು ಪಾಯಸದ ರುಚಿ ನೋಡಿ, "ಮನ್ಯಾಗಿನ ಅಕ್ಕೋರು ಭಾಳ ಚಲೋ ಮಾಡ್ಯಾರ, ಹೇಳ್ರಿ ಅವರಿಗೆ," ಎಂದು ಹರಸಿ ಕಳಿಸಿದಳು.

ಹೇಳುವುದು ಹೇಗೆ? ಮನೆಯ ಬಾಗಿಲಲ್ಲಿ ಶ್ರೀಮತಿ ಚೀಲ ಇಸಕೊಂಡಳು. ಚೀಲ 'ಟಿಣ್' ಎಂದಿತು. ಈ ಫೋನುಗಳ ಹೊಟ್ಟೆಯಲ್ಲಿ ಎರಡು ಗಂಟೆಬಟ್ಟಲುಗಳಿರುತ್ತವೆ, ಅಲುಗಿಸಿದರೆ ಸಾಕು, ಮಾಲಿಕನನ್ನು ಹಿಡಿದುಕೊಡುತ್ತವೆ.

"ನನ್ನ ಕ್ಯಾರಿಯರು ಯಾವಾಗಿನಿಂದ ಟಿಣ್ ಅಂತದೆ?"

ಎಲ್ಲವನ್ನೂ ಹೇಳಿದೆ. ಆಕೆ ಕೂಗಾಡಲಿಲ್ಲ. ಅದೇ ಭಯಂಕರ! ಚೀಲದಿಂದ ಫೋನು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಸ್ಟೂಲಿನ ಮೇಲಿಟ್ಟು, "ಅಮ್ಮ ಕೊಟ್ಟದ್ದು ಅದೊಂದೇ ಉಳಿದಿತ್ತು," ಎಂದು ಅಡುಗೆಮನೆಗೆ ಹೋದಳು. ಮೂರು ದಿನ ನನಗೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ. ಮಾತು ಬಂದದ್ದು ಶನಿವಾರ ಸಂಜೆ: "ನಾಳೆ ನೆರೂಳಿನಲ್ಲಿ ಫೋನಿನ ಸುದ್ದಿ ಎತ್ತಿದ್ರೆ ನೋಡಿ ಮತ್ತೆ. ತಲೆಕೆಟ್ಟ ಮನೆ ಅಂದುಕೊಳ್ತಾರೆ. ನನ್ನ ಮೇಲಾಣೆ!"

ಆಣೆಯಿಟ್ಟೆ. ಬಾಯಿಗೆ ತಾನೆ ಆಣೆ? ಬೆರಳಿಗೆ ಯಾರೂ ಆಣೆಯಿಡಿಸಿರಲಿಲ್ಲ!

ಭಾನುವಾರ ಬೆಳಿಗ್ಗೆ ಏಳೂವರೆಗೇ ನಾನು ಸಿದ್ಧನಾಗಿದ್ದೆ. ಇಸ್ತ್ರಿಯ ಬಿಳಿ ಅಂಗಿ, ಹೊಸ ಬೆಲ್ಟು. ಶ್ರೀಮತಿ ರೇಷ್ಮೆ ಸೀರೆಯ ನೆರಿಗೆ ಕೂರಿಸುತ್ತಿದ್ದಳು. ಪ್ರಥಮ ಬಚ್ಚಲುಮನೆಯಲ್ಲಿದ್ದ. ಹೊರಡುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಗುಲಾಬಿ ಫೋನಿನ ಮೇಲೆ ಬಾಳೆಲೆಯ ಕಲೆ ಹಾಗೇ ಇತ್ತು. ಡಯಲಿನ ನಡುವಿನ ಸ್ಕ್ರೂ ಬಿಚ್ಚಿ, ಬೆರಳು ತೂರಿಸುವ ಹತ್ತು ತೂತಿನ ಸ್ಟೀಲಿನ ಚಕ್ರವನ್ನು ಹೊರತೆಗೆದು, ತೆಂಗಿನೆಣ್ಣೆ ಸವರಿ ತಿಕ್ಕಿದೆ. ಅಂಗೈಯಗಲದ ಆ ಚಕ್ರ ಹೊಳೆಯತೊಡಗಿತು ನೋಡಿ! ಟ್ಯೂಬ್‌ಲೈಟಿನ ಬೆಳಕು ಅದರ ಹತ್ತೂ ತೂತಿನಲ್ಲಿ ಕುಣಿಯಿತು. ತೋರುಬೆರಳು ತಾನಾಗಿಯೇ ಮೇಲೆದ್ದಿತು. ಚಕ್ರದ ಒಂದು ತೂತನ್ನು ಅದಕ್ಕೆ ಸಿಕ್ಕಿಸಿದೆ. ಎಡಗೈಯಿಂದ ಒಂದು ಏಟು ಕೊಟ್ಟೆ. ತಿರುಗಿತು! ಗಿರ್ರೆಂದು ತಿರುಗಿತು!

"ಶ್ರೀಮತೀ, ಬಾ ಇಲ್ಲಿ! ನಿನ್ನ ಗಂಡ ಸುದರ್ಶನ ಚಕ್ರ ಹಿಡಿದಿದ್ದಾನೆ! ಎಲ್ಲಿ ಆ ಶಿಶುಪಾಲ?"

"ಶಿಶುಪಾಲ ಬಚ್ಚಲಿನಲ್ಲಿದ್ದಾನೆ. ನೂರು ಚೊಂಬು ಆದಮೇಲೆ ಬರ್ತಾನೆ. ನೀವು ಅದನ್ನು ಇಟ್ಟು ಕಾಫಿ ಕುಡೀರಿ."

ಇನ್ನೊಂದು ಏಟು ಜೋರಾಗಿ ಕೊಟ್ಟೆ. ಎಣ್ಣೆಯ ಚಕ್ರ, ನನ್ನದೋ ಬೀನ್ಸಿನಂಥ ಸಪೂರ ಬೆರಳು. ಚಕ್ರ ತಿರುಗುತ್ತ ತಿರುಗುತ್ತ ಗೆಣ್ಣು ದಾಟಿ ಬುಡಕ್ಕೆ ಬಂದು ಕೂತಿತು. ಕೂತಿತು ಎಂದರೆ, ಬಾಡಿಗೆದಾರ ಕೂತಂತೆ ಕೂತಿತು. ಎಳೆದೆ. ಬರಲಿಲ್ಲ. ತಿರುಚಿದೆ. ಬರಲಿಲ್ಲ. ಹಲ್ಲು ಕಚ್ಚಿ ಎಳೆದೆ. ಬೆರಳು ಟೊಮೆಟೊ ಸಾರಿನ ಬಣ್ಣಕ್ಕೆ ತಿರುಗಿತು.

"ಕಾಫಿ ಆರ್ತಾ ಉಂಟು," ಎಂದು ಹೊರಬಂದ ಶ್ರೀಮತಿ ನನ್ನ ಮುಖ ನೋಡಿದಳು, ಕೈ ನೋಡಿದಳು. "ತೆಗೀರಿ ಅದನ್ನು."

"ತೆಗೀತೇನೆ... ಸ್ವಲ್ಪ ಹೊತ್ತು ಹಾಕಿಕೊಂಡಿರ್ತೇನೆ..."

"ಬರೂದಿಲ್ವಾ?"

"ಬರೂದಿಲ್ಲ," ಎಂದೆ, ಶಾಲೆಯಲ್ಲಿ ಮಗ್ಗಿ ಮರೆತ ಹುಡುಗನಂತೆ.

ಮೊದಲು ಸೋಪಿನ ನೊರೆ. ಆಮೇಲೆ ಬೆಣ್ಣೆ. ಆಮೇಲೆ ಉದ್ದಿನ ಹಿಟ್ಟು, "ಗ್ರೈಂಡರಿನಿಂದ ನನ್ನ ಬಳೆ ತೆಗೆದದ್ದು ಇದರಲ್ಲೇ," ಎಂದು ಶ್ರೀಮತಿ. ಆಮೇಲೆ ಐಸು. ಬಲಗೈಯಲ್ಲಿ ಒಂದು ತಿಂಡಿ ಅಂಗಡಿಯೇ ತೆರೆದಂತಾಯಿತು. ಚಕ್ರ ಮಾತ್ರ ಅಲುಗಲಿಲ್ಲ. ಅಷ್ಟರಲ್ಲಿ ತಲೆ ಒರೆಸುತ್ತ ಬಂದ ಪ್ರಥಮ. ಡೊಂಬಿವಲಿಯಲ್ಲಿ ಹುಟ್ಟಿದವನು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಗಾಬರಿಯಾದರೆ ಬಾಯಿಗೆ ಬರುವುದು ಹಿಂದಿ.

"ಅರೇ ಪಪ್ಪಾ, ಯೇ ಕ್ಯಾ ಕರ್ ದಿಯಾ? ಆಜ್ ಹೀ ಕರ್ನಾ ಥಾ?" ಇವತ್ತೇ ಮಾಡಬೇಕಿತ್ತಾ ಎಂದು ಅವನ ಅಳಲು.

ಎದುರು ಫ್ಲ್ಯಾಟಿನ ದೇವದಾಸ್ ಕರೆಯದೆಯೇ ಬಂದ. ಅವನ ಹತ್ತಿರ ಎಲ್ಲ ಹತಾರಗಳೂ ಇವೆ, ಉಪಯೋಗಿಸುವ ಅವಕಾಶ ಮಾತ್ರ ಸಿಗುವುದಿಲ್ಲ. ಕಬ್ಬಿಣ ಕೊಯ್ಯುವ ಗರಗಸ ಹಿಡಿದು ಕಣ್ಣರಳಿಸಿ ನಿಂತ.

"ಕಟ್ ಮಾಡುವಾ ರಘುಪತಿಯವರೇ! ಎರಡು ನಿಮಿಷ!"

"ಬೇಡ!" ಎಂದು ಕೂಗಿದೆ. "ಇದು ಸಿಗುವ ವಸ್ತುವಲ್ಲ! ಇದಕ್ಕೆ ಗೀರು ಬಿದ್ದರೂ ಫೋನು ಹಾಳು!"

"ಹಾಗಾದ್ರೆ ಬೆರಳನ್ನು ಕಟ್ ಮಾಡಿ ದೇವದಾಸ್. ಅದು ಇವರಿಗೆ ಇನ್ನೂ ಒಂಬತ್ತು ಉಂಟು," ಎಂದಳು ಶ್ರೀಮತಿ.

ಗಡಿಯಾರ ಎಂಟೂ ನಲವತ್ತು ತೋರಿಸಿತು. ಹೋಗದೆ ಇದ್ದರೆ ಹನ್ನೆರಡನೆಯದೂ ತಪ್ಪಿಹೋಗುತ್ತದೆ. ಚಕ್ರಧಾರಿಯಾಗಿ ಹೋದರೆ ಬಾಗಿಲಲ್ಲೇ ತಪ್ಪಿಹೋಗುತ್ತದೆ. ಶ್ರೀಮತಿ ಒಂದು ಗಳಿಗೆ ಯೋಚಿಸಿದಳು. ಬೀರುವಿನಿಂದ ನನ್ನ ಹಳೆಯ ಪಂಚೆ ತೆಗೆದು ಪರ್ರನೆ ಹರಿದಳು. ಚಕ್ರದ ಸುತ್ತ, ಕೈಯ ಸುತ್ತ, ಮಣಿಕಟ್ಟಿನ ಸುತ್ತ ಸುತ್ತಿದಳು, ಸುತ್ತಿದಳು, ಸುತ್ತಿದಳು. ಮುಗಿದಾಗ ನನ್ನ ತೋಳಿನ ತುದಿಯಲ್ಲಿ ಒಂದು ದೊಡ್ಡ ಪಪ್ಪಾಯಿ ಬಿಟ್ಟಿತ್ತು.

"ಪೆಟ್ಟಾಗಿದೆ ಅಂತ ಹೇಳುವಾ. ವಾಪಸ್ ಬಂದ ಮೇಲೆ ನಿಮ್ಮನ್ನೂ ನಿಮ್ಮ ಚಕ್ರವನ್ನೂ ನೋಡಿಕೊಳ್ತೇನೆ."

ಆ ಪಪ್ಪಾಯಿಯ ಮಹಿಮೆ ತಿಳಿದದ್ದು ಟ್ರೈನಿನಲ್ಲಿ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನನಗಾಗಿ ಎದ್ದಿರದ ಸೆಂಟ್ರಲ್ ಲೈನಿನ ಜನ, ನನ್ನ ಕೈ ನೋಡಿದ್ದೇ ತಡ, "ಕಾಕಾ, ಬಸಾ ಬಸಾ!" ಎಂದು ಕಿಟಕಿಯ ಸೀಟನ್ನೇ ಬಿಟ್ಟುಕೊಟ್ಟರು! ಠಾಣೆಯ ಸೇತುವೆಯ ಮೇಲೆ ಜನಸಾಗರ ಎರಡಾಗಿ ಸೀಳಿ ದಾರಿಬಿಟ್ಟಿತು. ನನಗೂ ಹುರುಪು ಬಂತು. ನೆರೂಳಿನ ಟ್ರೈನಿನಲ್ಲಿ ಕೂತು ಸಣ್ಣಗೆ ನರಳಿದೆ.

"ನರಳಿದ್ದು ಸಾಕು. ಇಲ್ಲಿ ಹೆಣ್ಣಿನ ಕಡೆಯವರು ಯಾರೂ ಇಲ್ಲ," ಎಂದಳು ಶ್ರೀಮತಿ.

ಏನಾಯಿತೆಂದು ಕೇಳಿದರೆ ಹೇಳುವುದೇನು ಎಂಬ ಚರ್ಚೆ ಅಲ್ಲಿ ಆರಂಭವಾಯಿತು. ಬಚ್ಚಲಲ್ಲಿ ಜಾರಿದ್ದು ಎಂದಳು ಶ್ರೀಮತಿ. ಅದು ಮುದುಕರು ಬೀಳುವ ರೀತಿ, ರಿಕ್ಷಾ ತಾಗಿದ್ದು ಎನ್ನೋಣ ಎಂದೆ ನಾನು. ನಾಯಿ ಕಚ್ಚಿದ್ದು ಎಂದರೆ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ ಎಂದ ಪ್ರಥಮ. ಮೂವರಿಗೂ ತಮ್ಮ ತಮ್ಮ ಸುಳ್ಳಿನ ಮೇಲೆ ಅಪಾರ ಪ್ರೀತಿ. ತೀರ್ಮಾನವಾಗುವ ಮೊದಲೇ ನೆರೂಳು ಬಂತು.

ಲಕ್ಷ್ಮೀಕಾಂತ ರಾಯರು ಬಾಗಿಲಲ್ಲೇ ನಿಂತಿದ್ದರು. ಗುಂಡು ಮುಖ, ನಗುವ ಕಣ್ಣು. "ಬನ್ನಿ ಬನ್ನಿ, ಬಿಸಿಲಲ್ಲಿ ಬಂದಿದ್ದೀರಿ, ಆಸರಿಗೆ ಎಂತ ಕುಡೀತೀರಿ?" ಎನ್ನುತ್ತ ಕೈಕುಲುಕಲು ಕೈ ಚಾಚಿದವರು ಪಪ್ಪಾಯಿ ನೋಡಿ ಬೆಚ್ಚಿದರು.

"ಅಯ್ಯೋ! ಕೈಗೆ ಎಂತಾಯ್ತು?"

"ಬಚ್ಚಲಲ್ಲಿ ಜಾರಿ..." ಎಂದಳು ಶ್ರೀಮತಿ.

"ರಿಕ್ಷಾದವನು..." ಎಂದೆ ನಾನು.

"ಕುತ್ತಾ..." ಎಂದ ಪ್ರಥಮ.

ಮೂರೂ ಒಂದೇ ಉಸಿರಿಗೆ! ಆದರೆ ಲಕ್ಷ್ಮೀಕಾಂತ ರಾಯರ ಒಳ್ಳೆಯತನ ನೋಡಿ. ಅವರು ಮೂರನ್ನೂ ಸೇರಿಸಿಕೊಂಡು ಕಣ್ಣಲ್ಲಿ ನೀರು ತಂದರು.

"ಬಚ್ಚಲಲ್ಲಿ ಜಾರಿಬಿದ್ದು, ರಿಕ್ಷಾದಲ್ಲಿ ಡಾಕ್ಟರ ಹತ್ರ ಹೋಗುವಾಗ ನಾಯಿ ಕಚ್ಚಿತಾ? ಒಬ್ಬ ಮನುಷ್ಯನಿಗೆ ಒಂದೇ ದಿನದಲ್ಲಿ ಎಷ್ಟು ಗ್ರಹಚಾರ! ಆದರೂ ಮಾತು ಕೊಟ್ಟದ್ದಕ್ಕೆ ಬಂದಿದ್ದೀರಲ್ಲ ಮಾರಾಯ್ರೆ!"

ನಾಚಿಕೆಯಿಂದ ಕುಗ್ಗಿಹೋದೆ. ಒಳ್ಳೆಯವರಿಗೆ ಸುಳ್ಳು ಹೇಳುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಅವರು ಅದನ್ನು ನಂಬಿಬಿಡುತ್ತಾರೆ!

ಕೂತೆವು. ಅಪರ್ಣಾಳ ತಾಯಿ ಬೆಲ್ಲದ ಪಾನಕ ತಂದರು. ನಾನು ಎಡಗೈಯಲ್ಲಿ ಲೋಟ ಹಿಡಿದೆ. ಒಳಗೆ ಬೆರಳು ಬೇರೆಯೇ ರಾಗ ಹಾಡತೊಡಗಿತ್ತು. ಮೊದಲು ಬಿಸಿ, ಆಮೇಲೆ ಜುಂ, ಆಮೇಲೆ ಬೆರಳಿದೆಯೋ ಇಲ್ಲವೋ ಎಂಬ ಸಂಶಯ. ಹಣೆಯಲ್ಲಿ ಬೆವರು ಮೂಡಿತು. ಶ್ರೀಮತಿ ಓರೆಗಣ್ಣಿನಿಂದ ನೋಡುತ್ತಿದ್ದಳು. ನಾನು ನರಳುತ್ತಿಲ್ಲ ಎಂಬುದೇ ಆಕೆಗೆ ದಿಗಿಲು ಹುಟ್ಟಿಸಿತೆಂದು ಆಮೇಲೆ ಹೇಳಿದಳು.

ಆಗ ಬಾಗಿಲು ತೆರೆದು ಹುಡುಗಿ ಬಂದಳು. ತಟ್ಟೆ ಹಿಡಿದು ತಲೆತಗ್ಗಿಸಿ ಒಳಗಿನಿಂದಲ್ಲ, ಚೀಲ ಹೆಗಲಿಗೆ ಹಾಕಿ ಹೊರಗಿನಿಂದ!

"ಸಾರಿ ಆಂಟಿ, ಸಾರಿ ಅಂಕಲ್, ಡ್ಯೂಟಿಯಿಂದ ಬಿಡ್ಲಿಕ್ಕೆ ತಡವಾಯ್ತು. ಬೆಳಿಗ್ಗೆಯಿಂದ ಒಂದೇ ಸಮನೆ ಕೇಸು."

ವಾಶಿಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನರ್ಸ್! ಜಾತಕದಲ್ಲಿ 'ಉದ್ಯೋಗಸ್ಥೆ' ಎಂದಷ್ಟೇ ಬರೆದಿತ್ತು. ನಾವೂ ನಕ್ಷತ್ರ ನೋಡಿದ್ದೆವು, ನೌಕರಿ ನೋಡಿರಲಿಲ್ಲ. ಹುಡುಗಿ ಹುಡುಗನನ್ನು ನೋಡಲಿಲ್ಲ. ಅವಳ ಕಣ್ಣು ನೇರ ನನ್ನ ಪಪ್ಪಾಯಿಯ ಮೇಲೆ ನೆಟ್ಟಿತು.

"ಇದು ಯಾರು ಕಟ್ಟಿದ ಬ್ಯಾಂಡೇಜು?"

"ಡಾಕ್ಟರು," ಎಂದೆ.

"ಯಾವ ಡಾಕ್ಟರು ಅಂಕಲ್? ಪಂಚೆಯ ಅಂಚು ಕಾಣ್ತಾ ಉಂಟು!"

"ನಾಯಿ ಕಚ್ಚಿದ್ದು ಪಾಪ," ಎಂದು ಲಕ್ಷ್ಮೀಕಾಂತ ರಾಯರು ನನ್ನ ಸಹಾಯಕ್ಕೆ ಬಂದರು.

"ನಾಯಿ ಕಚ್ಚಿದ್ರೆ ಹೀಗೆ ಬಿಗಿದು ಕಟ್ತಾರಾ? ಇಂಜೆಕ್ಷನ್ ತಗೊಂಡ್ರಾ? ತೋರಿಸಿ ಇಲ್ಲಿ."

"ಬೇಡಮ್ಮ, ಪರವಾಗಿಲ್ಲ..." ಎಂದು ಕೈ ಹಿಂದಕ್ಕೆಳೆದೆ. ಪ್ರಯೋಜನವಾಗಲಿಲ್ಲ. ಅವಳು ನೆಲದ ಮೇಲೆ ಕೂತು ಬಿಚ್ಚತೊಡಗಿದಳು. ಪಂಚೆ ಬಿಚ್ಚಿತು, ಬಿಚ್ಚಿತು, ಬಿಚ್ಚುತ್ತಲೇ ಹೋಯಿತು. ದ್ರೌಪದಿಯ ಸೀರೆಯೂ ಇಷ್ಟು ಉದ್ದವಿತ್ತೋ ಇಲ್ಲವೋ! ನನ್ನ ಮಾನ ಉಳಿಸಲು ಮಾತ್ರ ಯಾವ ಕೃಷ್ಣನೂ ಬರಲಿಲ್ಲ. ಕೃಷ್ಣನ ಚಕ್ರ ನನ್ನ ಹತ್ತಿರವೇ ಇತ್ತಲ್ಲ!

ಕೊನೆಯ ಸುತ್ತು ಬಿಚ್ಚಿದಾಗ ಹತ್ತು ತೂತಿನ ಚಕ್ರ ಕೋಣೆಯ ಬೆಳಕಿನಲ್ಲಿ ಥಳಥಳ ಹೊಳೆಯಿತು. ಪಾನಕದ ಲೋಟದಲ್ಲಿ ಏಲಕ್ಕಿ ತಳಕ್ಕಿಳಿಯುವ ಸದ್ದು ಕೇಳಿಸಿತು.

"ಇದು... ಟೆಲಿಫೋನಿನದ್ದಲ್ವಾ?" ಎಂದು ಲಕ್ಷ್ಮೀಕಾಂತ ರಾಯರು ಮೆಲ್ಲಗೆ ಕೇಳಿದರು.

ಇನ್ನು ಮುಚ್ಚಿಡುವುದೇನು? ಕೆಂಪು ಫೋನಿನಿಂದ ಹಿಡಿದು ಗುಲಾಬಿಯವರೆಗೆ, ಮಾನಮ್ಮನಿಂದ ಶಿಶುಪಾಲನವರೆಗೆ ಎಲ್ಲವನ್ನೂ ಒಪ್ಪಿಸಿದೆ. "ಬಚ್ಚಲೂ ಸುಳ್ಳು, ರಿಕ್ಷಾವೂ ಸುಳ್ಳು, ನಾಯಿಯೂ ಸುಳ್ಳು. ನಮ್ಮದು ತಲೆಕೆಟ್ಟ ಮನೆಯಲ್ಲ ರಾಯರೇ, ತಲೆಕೆಟ್ಟವನು ನಾನೊಬ್ಬನೇ. ಹುಡುಗ ಒಳ್ಳೆಯವನು, ನನ್ನ ಹಾಗಲ್ಲ," ಎಂದೆ.

ಅಪರ್ಣಾ ನನ್ನ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಬೆರಳಿನ ತುದಿ ಒತ್ತಿ ನೋಡುತ್ತಿದ್ದಳು. ಬೆರಳು ನೇರಳೆಯಾಗಿತ್ತು.

"ಅಂಕಲ್, ತಮಾಷೆ ಅಲ್ಲ. ರಕ್ತ ಓಡ್ತಾ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಹೀಗೇ ಇದ್ರೆ ಬೆರಳೇ ಹೋಗ್ತದೆ."

ಶ್ರೀಮತಿ ತಟ್ಟನೆ ಎದ್ದು ಬಂದು ನನ್ನ ಎಡಗೈ ಹಿಡಿದುಕೊಂಡಳು. ಎಂಟೂ ನಲವತ್ತಕ್ಕೆ ಬೆರಳು ಕೊಯ್ಯಿರಿ ಎಂದವಳು! ಕಣ್ಣಲ್ಲಿ ನೀರು. "ನಾನೇ ಕಟ್ಟಿದ್ದು. ಹುಡುಗನ ಸಂಬಂಧ ತಪ್ಪಬಾರದು ಅಂತ ಬಿಗಿದು ಕಟ್ಟಿಬಿಟ್ಟೆ," ಎಂದಳು. ಮೂರು ದಿನ ಮಾತು ಬಿಟ್ಟಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

"ಕೊಯ್ದುಬಿಡಮ್ಮ," ಎಂದೆ. "ಚಕ್ರವನ್ನು ಕೊಯ್ದುಬಿಡು. ಫೋನು ಹೋದರೆ ಹೋಗಲಿ." ನನ್ನ ಬಾಯಿಂದಲೇ ಆ ಮಾತು ಬಂತು. ಕೇಳಿ ನಾನೇ ಬೆಚ್ಚಿದೆ.

"ಕೊಯ್ಯುವುದೆಲ್ಲ ಬೇಡ. ಅಮ್ಮಾ, ಹೂ ಕಟ್ಟುವ ನೂಲು ಕೊಡು. ಇವರೇ, ನೀವು ಸುಮ್ಮನೆ ಕೂತಿದ್ದೀರಲ್ಲ, ಬನ್ನಿ, ಅಪ್ಪನ ಕೈ ಎತ್ತಿ ಹಿಡೀರಿ!"

'ಇವರೇ' ಎಂದದ್ದು ಪ್ರಥಮನಿಗೆ! ಅವನು ಓಡಿಬಂದು ಎಡಕ್ಕೆ ನಿಂತ, ಅವಳು ಬಲಕ್ಕೆ. ನಡುವೆ ಧ್ವಜಸ್ತಂಭದಂತೆ ನನ್ನ ಕೈ. ಅವಳು ನೂಲಿನ ಒಂದು ತುದಿಯನ್ನು ಚಕ್ರದ ಅಡಿಯಿಂದ ತೂರಿಸಿ, ಉಳಿದದ್ದನ್ನು ಬೆರಳಿಗೆ ಒತ್ತೊತ್ತಾಗಿ ಗೆಣ್ಣು ದಾಟುವವರೆಗೆ ಸುತ್ತತೊಡಗಿದಳು.

"ತುಮ್ಹಾಲಾ ಕನ್ನಡ ಯೇತಂ ಕಾ?" ಕನ್ನಡ ಬರುತ್ತದಾ ಎಂದು ನನ್ನ ಬೆರಳಿನ ಆಚೆಯಿಂದ ಮರಾಠಿಯಲ್ಲಿ ಕೇಳಿದಳು.

"ಬರ್ತದೆ. ಟೆನ್ಷನ್ ಆದ್ರೆ ಹಿಂದಿ ಬರ್ತದೆ," ಎಂದ ಈಚೆಯಿಂದ ಪ್ರಥಮ.

"ಈಗ ಟೆನ್ಷನ್ ಇಲ್ವಾ?"

"ಈಗ ಇಲ್ಲ," ಎಂದ ಅಚ್ಚಕನ್ನಡದಲ್ಲಿ.

"ಠಾಕುರ್ಲಿಯಿಂದ ವಾಶಿಗೆ ಎಷ್ಟು ಹೊತ್ತು?"

ಶ್ರೀಮತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹನ್ನೊಂದು ಸಂಬಂಧಗಳು ಬಿದ್ದ ಹೊಂಡ ಇದೇ!

"ಒಂದೂಕಾಲು ಗಂಟೆ. ಫಾಸ್ಟ್ ಟ್ರೈನು ನಿಲ್ಲೂದಿಲ್ಲ."

"ಒಳ್ಳೇದಾಯ್ತು. ಸ್ಲೋದಲ್ಲಾದ್ರೆ ನಿದ್ದೆ ಮಾಡಬಹುದು. ಕೈ ಅಲುಗಿಸಬೇಡಿ."

ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿಯುವುದುಂಟು. ಇಲ್ಲಿ ಅಂತರಪಟ ನಾನೇ! ಅವರಿಬ್ಬರ ಮುಖ ನೋಡುತ್ತ ನನಗೆ ನೋವೂ ಮರೆತಿತ್ತು. ಅವಳು ಕೆಳಗಿನ ತುದಿ ಹಿಡಿದು ನೂಲನ್ನು ಬಿಚ್ಚುತ್ತ ಬಂದಳು. ಒಂದೊಂದು ಸುತ್ತು ಬಿಚ್ಚಿದಾಗಲೂ ಚಕ್ರ ಒಂದೊಂದು ಅಕ್ಕಿಕಾಳಿನಷ್ಟು ಮೇಲೇರಿತು. ಗೆಣ್ಣಿನ ಹತ್ತಿರ ಒಮ್ಮೆ "ಅಮ್ಮಾ!" ಎಂದೆ. ಪಳಕ್! ಚಕ್ರ ಅವಳ ಕೈಯಲ್ಲಿತ್ತು, ಒಂದು ಗೀರೂ ಇಲ್ಲದೆ. ಬೆರಳು ನನ್ನ ಕೈಯಲ್ಲಿತ್ತು, ಅದೂ ಪೂರ್ತಿ. ಲಕ್ಷ್ಮೀಕಾಂತ ರಾಯರು ಚಪ್ಪಾಳೆ ತಟ್ಟಿದರು.

ಮಕ್ಕಳಿಬ್ಬರೂ ಮಾತಾಡಿ ಬರಲಿ ಎಂದು ಕೆಳಗಿನ ಪಾರ್ಕಿಗೆ ಕಳಿಸಿದೆವು. ಹತ್ತು ನಿಮಿಷ ಎಂದು ಹೋದವರು ಒಂದೂಕಾಲು ಗಂಟೆ ಬರಲಿಲ್ಲ. ಸ್ಲೋ ಟ್ರೈನೇ! ಬಂದಾಗ ಇಬ್ಬರ ಮುಖದಲ್ಲೂ ಉತ್ತರ ಬರೆದಿತ್ತು. ಶ್ರೀಮತಿ ಅಪರ್ಣಾಳ ತಾಯಿಯ ಕೈ ಹಿಡಿದು ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೇ ಮಾಡಿದಳು. ವೈಶಾಖದಲ್ಲಿ ಮದುವೆ ಎಂದು ಮಾತಾಯಿತು.

ಊಟವಾಗಿ ಎಲೆ ಅಡಿಕೆ ಮುಂದಿಟ್ಟು, ಲಕ್ಷ್ಮೀಕಾಂತ ರಾಯರು ಸಂಕೋಚದಿಂದ ಕೇಳಿದರು: "ನಿಮ್ಮ ಕಡೆಯಿಂದ ಏನಾದರೂ ಅಪೇಕ್ಷೆ ಇದ್ದರೆ ಈಗಲೇ ಹೇಳಿಬಿಡಿ."

ನಾನು ಎದೆಯುಬ್ಬಿಸಿದೆ. ಬೆಳಗಿನಿಂದ ಕಳಕೊಂಡ ಗೌರವವನ್ನೆಲ್ಲ ಒಂದೇ ಏಟಿಗೆ ವಾಪಸು ಪಡೆಯುವ ಸುಸಂದರ್ಭ!

"ಏನೆಂದಿರಿ ರಾಯರೇ? ಅಪೇಕ್ಷೆಯೇ? ಈ ರಘುಪತಿ ವರದಕ್ಷಿಣೆಯ ಕಡುವೈರಿ! ನನಗೆ ಬಂಗಾರ ಬೇಡ, ಬೆಳ್ಳಿ ಬೇಡ, ಒಂದು ಉದ್ದಿನ ಕಾಳೂ ಬೇಡ! ನಿಮ್ಮ ಮಗಳನ್ನು ಉಟ್ಟ ಬಟ್ಟೆಯಲ್ಲಿ ಕಳಿಸಿಕೊಡಿ, ಮನೆ ತುಂಬಿಸಿಕೊಳ್ಳುತ್ತೇವೆ!"

ರಾಯರ ಕಣ್ಣು ತುಂಬಿ ಬಂತು. ಶ್ರೀಮತಿ ನನ್ನನ್ನು ಹೆಮ್ಮೆಯಿಂದ ನೋಡಿದಳು. ಹೊರಡಲು ಎದ್ದೆ. ಟೀಪಾಯಿಯ ಮೇಲೆ ನೋಡಿದೆ, ಸೋಫಾದ ಸಂದಿಯಲ್ಲಿ ನೋಡಿದೆ. ಚಕ್ರ ಎಲ್ಲಿ?

"ಅದು ನನ್ನ ಚೀಲದಲ್ಲಿ ಉಂಟು ಅಂಕಲ್," ಎಂದಳು ಅಪರ್ಣಾ ನಗುತ್ತ. "ನನ್ನ ಹತ್ರವೇ ಇರ್ಲಿ. ಮದುವೆಯಾಗಿ ಬಂದ ಮೇಲೆ ನಾನೇ ಫೋನಿಗೆ ಕೂರಿಸ್ತೇನೆ. ಅಲ್ಲಿವರೆಗೆ ನಿಮ್ಮ ಬೆರಳೂ ಸೇಫ್."

ವೈಶಾಖಕ್ಕೆ ಇನ್ನೂ ಐದು ತಿಂಗಳು! ಐದು ತಿಂಗಳು ನನ್ನ ಗುಲಾಬಿ ಫೋನು ಮುಖವಿಲ್ಲದೆ ಕೂತಿರಬೇಕೇ? ನಾನು ಲಕ್ಷ್ಮೀಕಾಂತ ರಾಯರ ಕಿವಿಯ ಹತ್ತಿರ ಬಾಗಿ, ಆದಷ್ಟು ಮೆಲ್ಲಗೆ ಹೇಳಿದೆ: "ಬೀಗರೇ, ಬೇರೇನೂ ಬೇಡ. ಅದೊಂದನ್ನು ಮಾತ್ರ ಮದುವೆಗೆ ಮುಂಚೆ ಕೊಡಿಸಿಬಿಡಿ..."

ಶ್ರೀಮತಿಯ ಕಿವಿಗೆ ಅದು ತಲುಪದೆ ಇರುತ್ತದೆಯೇ?

"ಏನ್ರೀ! ಹೆಣ್ಣಿನ ಮನೆಯಲ್ಲಿ ಕೂತು, ಮದುವೆಗೆ ಮುಂಚೆ ಇಂಥದ್ದು ಕೊಡಿ ಅಂತ ಕೇಳ್ತಿದ್ದೀರಲ್ಲ, ಅದಕ್ಕೆ ಎಂತ ಹೇಳ್ತಾರೆ ಗೊತ್ತುಂಟಾ? ವರದಕ್ಷಿಣೆ! ಈಗಲೇ ಪೊಲೀಸರನ್ನು ಕರೆಯಬೇಕಾ, ಇಲ್ಲ ಚಪ್ಪಲಿ ಹಾಕಿಕೊಳ್ತೀರಾ?"

ನಾನು ಚಪ್ಪಲಿ ಹಾಕಿಕೊಂಡೆ.